‘ಆಕ್’ ಅಂದರೆ ಸಾಕು

ನಮ್ಮ ಮನೆಯಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಅಮ್ಮ ನನ್ನ ತಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನಿಗಾಗ ಎಂಟು ವರ್ಷ. ಜಗಳವೇನೂ ಆಗಿರಲಿಲ್ಲ. ನೀವು ಮಾತಾಡಿದರೆ ಮಗುವಿಗೇ ಕೆಡುಕು ಅಂತ ತಿಳಿದವರೊಬ್ಬರು ಹೇಳಿದ್ದರು, ಅಮ್ಮ ನಂಬಿದ್ದಳು. ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಕಾಲು ನೀವುವಾಗ ಅವಳ ಬಾಯಿ ಮುಚ್ಚಿಯೇ ಇರುತ್ತಿತ್ತು. ಡೊಂಬಿವಲಿಯ ಚಾಳಿನ ಆ ಒಂದೂವರೆ ಕೋಣೆಯಲ್ಲಿ ಸ್ಟವ್ವಿನ ಸದ್ದು, ಪಕ್ಕದ ಮನೆಯ ರೇಡಿಯೋ ಬಿಟ್ಟರೆ ಮತ್ತೇನೂ ಕೇಳುತ್ತಿರಲಿಲ್ಲ. ನಾನು ಹನ್ನೆರಡರ ಹುಡುಗಿ. ಆ ಮೌನ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ತಮ್ಮ ಹುಟ್ಟಿದ್ದು 1984ರಲ್ಲಿ, ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ. ಹೆರಿಗೆ ಎರಡು ದಿನ ಹಿಡಿಯಿತು. ಹುಟ್ಟಿದ ಮಗು ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಸೆರೆಬ್ರಲ್ ಪಾಲ್ಸಿ ಅನ್ನುವ ಹೆಸರು ನಮಗೆ ಸಿಕ್ಕಿದ್ದು ಅವನಿಗೆ ಮೂರು ತುಂಬಿದ ಮೇಲೆ, ಮುಂಬಯಿಯಲ್ಲಿ. ಹುಟ್ಟುವಾಗ ಉಸಿರು ಸಾಲದೆ ಮೆದುಳಿಗೆ ಆದ ಪೆಟ್ಟು ಅಂದರು. ಆ ಪೆಟ್ಟು ಹೆಚ್ಚುತ್ತ ಹೋಗುವುದಿಲ್ಲ. ಆದರೆ ಬಿಗಿದ ಸ್ನಾಯುಗಳು ಮಗು ಬೆಳೆದಂತೆ ಗಿಡ್ಡವಾಗುತ್ತ, ಕೀಲುಗಳನ್ನು ಎಳೆದು ಸೊಟ್ಟ ಮಾಡುತ್ತ ಹೋಗುತ್ತವೆ. ಹಾಗಾಗಿ ಕೈಕಾಲುಗಳನ್ನು ದಿನಾ ಎಳೆದು ಸಡಿಲಿಸಬೇಕು, ಒಂದು ದಿನವೂ ಬಿಡುವ ಹಾಗಿಲ್ಲ. ಅಪ್ಪಯ್ಯ ಫೋರ್ಟಿನ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು, ಬೆಳಗಿನ ಮೊದಲ ಲೋಕಲಿಗೆ ಹೋದರೆ ಬರುವುದು ರಾತ್ರಿ ಹನ್ನೊಂದಕ್ಕೆ. ಎಳೆಯುವುದು, ಸಡಿಲಿಸುವುದು, ಎತ್ತುವುದು, ಹೊರುವುದು ಎಲ್ಲ ಅಮ್ಮನ ಪಾಲಿಗೆ ಬಂತು.

ವಾರಕ್ಕೆರಡು ದಿನ ಹಾಜಿ ಅಲಿ. ಅಲ್ಲಿರುವ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ 1955ರಲ್ಲಿ ಶುರುವಾದದ್ದು, ನಮ್ಮಂಥವರ ಬಾಯಲ್ಲಿ ಅದಕ್ಕೆ ‘ಹಾಜಿ ಅಲಿ ಆಸ್ಪತ್ರೆ’ ಅನ್ನುವುದೊಂದೇ ಹೆಸರು. ಡೊಂಬಿವಲಿಯಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನು, ಮಹಾಲಕ್ಷ್ಮಿಯಲ್ಲಿ ಇಳಿದು ಬಸ್ಸು. ಆರು ವರ್ಷದ ಹುಡುಗನನ್ನು ಸೊಂಟದಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವನ ಕ್ಯಾಲಿಪರಿನ ಚೀಲ ಹಿಡಿದು ಅಮ್ಮ ದಾದರ್ ಸೇತುವೆ ಹತ್ತುವುದನ್ನು ನಾನು ಹಿಂದಿನಿಂದ ನೋಡುತ್ತ ಹತ್ತಿದ್ದೇನೆ. ಕಾಲಿಗೆ ಆಸರೆಯಾಗಿ ಕಟ್ಟುವ ಕಬ್ಬಿಣದ ಸರಳು, ಚರ್ಮದ ಪಟ್ಟಿ, ದಪ್ಪ ಬೂಟು. ಚೀಲ ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಆ ಕಲೆ ಅವಳ ಕಾಲಿನಲ್ಲಿ ಈಗಲೂ ಇದೆ.

ಮಾತಿನ ವಿಷಯಕ್ಕೆ ಬರುತ್ತೇನೆ. ತಮ್ಮನಿಗೆ ಬುದ್ಧಿ ಚೆನ್ನಾಗಿತ್ತು. ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳು ಹೇಳಿದ ಹಾಗೆ ಕೇಳುತ್ತಿರಲಿಲ್ಲ, ಅಷ್ಟೆ. ‘ನೀರು’ ಅಂದರೆ ‘ಈಉ’. ‘ಸಾಕ್’ ಅಂದರೆ ‘ಆಕ್’. ಅಕ್ಕ ಅನ್ನುವ ಶಬ್ದ ಮಾತ್ರ ಹೇಗೋ ಪೂರಾ ಬರುತ್ತಿತ್ತು, ಅದರ ಹೆಮ್ಮೆ ನನಗಿತ್ತು. ಹೊರಗಿನವರಿಗೆ ಅವನ ಮಾತು ಬರಿಯ ಕೂಗು. ಅಮ್ಮನಿಗೆ ಒಂದೊಂದು ಕೂಗಿಗೂ ಅರ್ಥ ಗೊತ್ತು.

ಉಪನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ ಸ್ಪೀಚ್ ಥೆರಪಿಗೆಂದು ಹೋದೆವು. ಅಪ್ಪಯ್ಯ ಅದಕ್ಕೆಂದೇ ಹೋಟೆಲ್ ಮಾಲೀಕರ ಹತ್ತಿರ ಸಾಲ ತೆಗೆದಿದ್ದರು. ಅಲ್ಲಿಯವರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ತಮ್ಮ ಉತ್ತರ ಕೊಟ್ಟ. ಅವರು ಕಾಗದದಲ್ಲಿ ಬರೆದುಕೊಂಡರು. ‘ಅರ್ಥವಿಲ್ಲದ ಶಬ್ದ ಮಾಡುತ್ತಾನೆ’ ಅಂತ ಬರೆದದ್ದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಹಳೇ ಫೈಲು ತೆಗೆದಾಗ. ಅವನು ಹೇಳಿದ್ದು ಕನ್ನಡ. ನಮ್ಮ ಕುಂದಾಪುರದ ಕನ್ನಡ. ಅದು ಇನ್ನೊಂದು ಭಾಷೆ ಇರಬಹುದು ಅಂತ ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅಪ್ಪಯ್ಯನಿಗೆ ಹೇಳಿದರು: ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆದರೆ ಮಗುವಿನ ತಲೆ ಗೊಂದಲ ಆಗುತ್ತದೆ. ನಿಮ್ಮ ಭಾಷೆ ನಿಲ್ಲಿಸಿ. ಹಿಂದಿ ಒಂದೇ ಮಾತಾಡಿ.

ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮರಾಠಿ ಇತ್ತು. ‘ಪಾನಿ’, ‘ಖಾನಾ’, ಸಾಕು ಅನ್ನಲು ‘ಬಸ್’, ಇಷ್ಟನ್ನು ಅಪ್ಪಯ್ಯ ಕಲಿಸಿದರು. ಅವಳು ಅದನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು, ಆಮೇಲೆ ಸುಮ್ಮನಾಗುತ್ತಿದ್ದಳು. ರಾತ್ರಿ ಮಲಗಿಸುವಾಗ ಹೇಳುತ್ತಿದ್ದ ಊರಿನ ಕಥೆಗಳು ನಿಂತವು. ಕಾಲು ಎಳೆಯುವಾಗ ‘ಈಗ ಆತ್ತ್ ಮಗಾ, ಹೆದ್ರಬ್ಯಾಡ’ ಅನ್ನುತ್ತಿದ್ದದ್ದು ನಿಂತಿತು. ಮೊದಲೆಲ್ಲ ಅವನು ‘ಆಕ್’ ಅಂದ ಕೂಡಲೆ ಬಿಡುತ್ತಿದ್ದವಳು ಈಗ ‘ಬಸ್’ ಅನ್ನುವ ತನಕ ಬಿಡಬಾರದು ಅಂತ ಕಾಯುತ್ತಿದ್ದಳು. ಅವನ ಕಣ್ಣಲ್ಲಿ ನೀರು, ಅವಳ ಕಣ್ಣಲ್ಲೂ ನೀರು. ಎರಡು ವರ್ಷದಲ್ಲಿ ಹಿಂದಿಯೂ ಬರಲಿಲ್ಲ, ಇದ್ದ ಶಬ್ದಗಳೂ ಒಂದೊಂದಾಗಿ ಕಳೆದವು. ಅವನು ಕೂಗುವುದನ್ನೇ ಕಡಿಮೆ ಮಾಡಿದ. ಮಗು ಸುಧಾರಿಸಿದೆ, ಹಟ ಕಡಿಮೆಯಾಗಿದೆ ಅಂತ ನೆಂಟರು ಹೇಳಿದರು.

ಅದನ್ನು ತಿರುಗಿಸಿದ್ದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆಕ್ಯುಪೇಶನಲ್ ಥೆರಪಿ ವಿಭಾಗದ ಒಬ್ಬ ಹೆಂಗಸು. ಈ ವಿಭಾಗದ ಕಥೆಯೇ ದೊಡ್ಡದು. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಯ ನಿಂಬಕರ್ ಮನೆತನಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ 1950ರಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆಯನ್ನು ಶುರು ಮಾಡಿದ್ದು ಅಲ್ಲಿಯೇ. ಫಿಸಿಯೋಥೆರಪಿ ಅಂದರೆ ಕೈಕಾಲಿನ ಬಲ, ಚಲನೆ. ಆಕ್ಯುಪೇಶನಲ್ ಥೆರಪಿಯವರು ಕೇಳುವುದು ಬೇರೆ: ಈ ಕೈಯಿಂದ ಇವನು ಊಟ ಮಾಡಬಲ್ಲನೆ, ಗುಂಡಿ ಹಾಕಬಲ್ಲನೆ, ಬಚ್ಚಲಿನಲ್ಲಿ ಯಾರನ್ನು ಹಿಡಿದು ಕೂರುತ್ತಾನೆ? ಆಕೆ ಮರಾಠಿಯವರು. ಮೊದಲ ದಿನ ತಮ್ಮನನ್ನು ಮುಟ್ಟಲೇ ಇಲ್ಲ. ಅಮ್ಮನನ್ನು ಕೇಳಿದರು, ‘ನೀವು ಇವನಿಗೆ ಬೈಯುವುದು ಯಾವ ಭಾಷೆಯಲ್ಲಿ?’

ಅಮ್ಮ ನನ್ನ ಮುಖ ನೋಡಿದಳು. ನಾನು ಹೇಳಿದೆ, ಕನ್ನಡದಲ್ಲಿ, ಆದರೆ ಈಗ ಬೈಯುವುದಿಲ್ಲ. ಯಾಕೆ ಅಂತ ಕೇಳಿದರು. ಹೇಳಿದೆ. ಆಕೆ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತರು. ಆಮೇಲೆ ಅಮ್ಮನಿಗೆ ನಿಧಾನಕ್ಕೆ ಮರಾಠಿಯಲ್ಲಿ ಹೇಳಿದರು, ಇವತ್ತು ಮನೆಗೆ ಹೋಗಿ ಇವನಿಗೆ ಚೆನ್ನಾಗಿ ಬೈಯಿರಿ. ಅಮ್ಮ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ದಿನದ ಸೆಷನ್ ಅಷ್ಟೆ.

ಮುಂದಿನ ವಾರ ಆಕೆ ತಮ್ಮನ ಬಾಯಿಂದ ಬಂದ ಒಂದೊಂದು ಶಬ್ದವನ್ನೂ ನಮ್ಮ ಹತ್ತಿರ ಅರ್ಥ ಕೇಳಿ ತಮ್ಮ ಪುಸ್ತಕದಲ್ಲಿ ದೇವನಾಗರಿಯಲ್ಲಿ ಬರೆದುಕೊಂಡರು. ಈಉ, ಪಾಣಿ. ಆಕ್, ಪುರೇ. ನನ್ನ ಕಣ್ಣೆದುರು ಬರೆದದ್ದು ಅದು. ಅಲ್ಲಿಂದ ಮುಂದೆ ಅವನ ಕೈ ಎಳೆಯುವಾಗ ಅವನು ‘ಆಕ್’ ಅಂದರೆ ಆಕೆ ಬಿಡುತ್ತಿದ್ದರು. ಮರುಕ್ಷಣ ಮತ್ತೆ ಹಿಡಿಯುತ್ತಿದ್ದರು, ಅದು ಬೇರೆ ವಿಷಯ, ಆದರೆ ಬಿಡುತ್ತಿದ್ದರು. ಮೂರು ತಿಂಗಳಲ್ಲಿ ಅವನು ಮತ್ತೆ ಗಲಾಟೆ ಮಾಡಲು ಶುರು ಮಾಡಿದ.

ಚಮಚದ ಕಥೆಯನ್ನೂ ಹೇಳಬೇಕು. ಸ್ಟೀಲ್ ಚಮಚದ ಹಿಡಿ ತೆಳ್ಳಗೆ, ತಮ್ಮನ ಮುಷ್ಟಿಯಲ್ಲಿ ನಿಲ್ಲುತ್ತಿರಲಿಲ್ಲ. ಆಕೆ ಸೈಕಲ್ ಹ್ಯಾಂಡಲಿನ ಹಳೇ ರಬ್ಬರ್ ಹಿಡಿಯನ್ನು ತರಿಸಿ, ಅದರೊಳಗೆ ಬಟ್ಟೆ ತುರುಕಿ ಚಮಚ ಸಿಕ್ಕಿಸಿದರು, ಚಮಚದ ಕುತ್ತಿಗೆಯನ್ನು ಬಾಯಿಯ ಕಡೆಗೆ ಸ್ವಲ್ಪ ಬಾಗಿಸಿದರು. ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ. ಇದಕ್ಕೆಲ್ಲ ಖರ್ಚಾದದ್ದು ಏನೂ ಇಲ್ಲ. ಇನ್ನೊಂದು: ನೀರಿನಂಥ ತೆಳು ಪದಾರ್ಥ ಅವನಿಗೆ ಬೇಗ ಗಂಟಲಿಗೆ ಇಳಿದು ಉಸಿರಿನ ದಾರಿಗೆ ಹೋಗುತ್ತದೆ, ಕೆಮ್ಮು ಬರುತ್ತದೆ, ಮಂದವಾಗಿದ್ದರೆ ನುಂಗಲು ಸಲೀಸು. ಹಾಗಾದರೆ ಏನು ಕೊಡಬೇಕು ಅಂತ ಅಮ್ಮ ಕೇಳಿದಾಗ ಆಕೆಯೇ ತಿರುಗಿ ಕೇಳಿದರು, ನಿಮ್ಮ ಊರಿನಲ್ಲಿ ಹುಷಾರಿಲ್ಲದವರಿಗೆ ಏನು ಕೊಡುತ್ತೀರಿ? ಕುಚ್ಚಲಕ್ಕಿ ಗಂಜಿ! ತಿಳಿ ಬಸಿಯದೆ, ಅನ್ನ ಕಿವುಚಿ. ಗಲ್ಲ ಸ್ವಲ್ಪ ಎದೆಯ ಕಡೆಗೆ ಬಗ್ಗಿಸಿ ನುಂಗು ಅನ್ನುವುದನ್ನು ಅಮ್ಮ ಕನ್ನಡದಲ್ಲಿ ಅವನಿಗೆ ಹೇಳಿಕೊಟ್ಟಳು. ನಲವತ್ತು ದಾಟಿದ ಮೇಲೂ ಅವನ ರಾತ್ರಿಯೂಟ ಅದೇ.

ನಾನು ವೈದ್ಯಳಲ್ಲ, ಕನ್ನಡ ಮಾಧ್ಯಮ ಶಾಲೆಯೊಂದರ ಟೀಚರು. ಆದರೆ ಇಷ್ಟನ್ನು ಧೈರ್ಯವಾಗಿ ಬರೆಯಬಲ್ಲೆ. ಎರಡು ಮೂರು ಭಾಷೆ ಕೇಳಿಸಿಕೊಂಡು ಬೆಳೆಯುವುದರಿಂದ ಮಗುವಿನ ಮಾತಿಗೆ ಕೆಡುಕಾಗುವುದಿಲ್ಲ. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಗಮನಿಸಿ ಮಾಡಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಹಾಗಿದ್ದೂ ಮುಂಬಯಿಯ ಕನ್ನಡ ತಾಯಂದಿರು, ತುಳು ಮಾತಾಡುವ ತಾಯಂದಿರು ಇವತ್ತಿಗೂ ನನ್ನ ಹತ್ತಿರ ಬಂದು ‘ನಮ್ಮ ಭಾಷೆ ಬಿಡಿ ಅಂದಿದ್ದಾರೆ ಟೀಚರ್’ ಅನ್ನುತ್ತಾರೆ. ಕಳೆದ ವರ್ಷ ಒಂದೇ ತಿಂಗಳಲ್ಲಿ ಇಬ್ಬರಿಂದ ಕೇಳಿದೆ. ನಿಮ್ಮಲ್ಲಿ ಯಾರಿಗಾದರೂ ಯಾರಾದರೂ ಹೀಗೆ ಹೇಳಿದ್ದರೆ ದಯವಿಟ್ಟು ಬಿಡಬೇಡಿ. ನಿಮಗೆ ಸಲೀಸಾದ ಭಾಷೆಯಲ್ಲಿ ಮಗುವಿನ ಜೊತೆ ಎಷ್ಟು ಸಾಧ್ಯವೋ ಅಷ್ಟು ಮಾತಾಡಿ. ಇಲ್ಲಿಯ ಥೆರಪಿಸ್ಟರಲ್ಲಿ ಕನ್ನಡ ಬಲ್ಲವರು ಕಡಿಮೆ, ನಿಜ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, 1983ರಿಂದ ಮಾತು ಮತ್ತು ಶ್ರವಣಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ಊರಿಗೆ ಹೋಗುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬಹುದು. ಥೆರಪಿಸ್ಟರಿಗೆ ನಿಮ್ಮ ಭಾಷೆ ಬಾರದಿದ್ದರೆ ಹತ್ತು ಶಬ್ದ ಬರೆದುಕೊಡಿ. ಒಳ್ಳೆಯವರು ಇಟ್ಟುಕೊಳ್ಳುತ್ತಾರೆ.

ಲೆಕ್ಕವನ್ನೂ ಒಮ್ಮೆ ನೋಡಿ. ವಾರಕ್ಕೆ ಮುಕ್ಕಾಲು ಗಂಟೆಯ ಎರಡು ಸೆಷನ್ ಅಂದರೆ ಒಂದೂವರೆ ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಉಳಿದ 166 ಗಂಟೆಗೂ ಮಿಕ್ಕಿ ಆ ಮಗು ಇರುವುದು ಅಜ್ಜಿಯ ಹತ್ತಿರ, ಅಕ್ಕಂದಿರ ಹತ್ತಿರ, ಕಟ್ಟಡದ ವಾಚ್‌ಮನ್ನಿನ ಹತ್ತಿರ, ಟ್ರೇನಿನಲ್ಲಿ. ಥೆರಪಿ ನಡೆಯಬೇಕಾದದ್ದು ಅಲ್ಲಿ.

ಟ್ರೇನು ಅಂದೆ. ನಮಗೆ ಮೊದಲ ಆಸರೆಯ ಗುಂಪು ಸಿಕ್ಕಿದ್ದು ಮುಂಬಯಿ ಲೋಕಲಿನ ಅಂಗವಿಕಲರ ಡಬ್ಬಿಯಲ್ಲಿ. ತಮ್ಮ ದೊಡ್ಡವನಾದ ಮೇಲೆ ಲೇಡೀಸ್ ಡಬ್ಬಿಯಲ್ಲಿ ಕರೆದೊಯ್ಯುವ ಹಾಗಿರಲಿಲ್ಲ, ಹಾಗೆ ಆ ಡಬ್ಬಿ ಹತ್ತಿದೆವು. ಪ್ಲಾಟ್‌ಫಾರ್ಮಿನಲ್ಲಿ ಅದು ನಿಲ್ಲುವ ಜಾಗದಲ್ಲಿ ಕಣ್ಣು ಕಾಣದವರಿಗೆಂದು ಬೀಪ್ ಬೀಪ್ ಅಂತ ಸದ್ದು ಬರುತ್ತದೆ. ತಮ್ಮನಿಗೆ ಆ ಸದ್ದು ಕೇಳಿದರೆ ಖುಷಿ. ಒಳಗೆ ಯಾರಿಲ್ಲ! ಊರುಗೋಲಿನ ಬ್ಯಾಂಕ್ ಗುಮಾಸ್ತ, ಬಾಚಣಿಗೆ ಮಾರುವ ಅಂಧ ದಂಪತಿ, ಕೈಸನ್ನೆಯಲ್ಲೇ ಗಟ್ಟಿಯಾಗಿ ಜಗಳವಾಡುವ ಕಿವುಡ ಹುಡುಗರು, ಟಾಟಾ ಆಸ್ಪತ್ರೆಗೆ ಹೊರಟ ಕ್ಯಾನ್ಸರ್ ರೋಗಿಗಳು. ಕ್ಯಾಲಿಪರಿನ ಪಟ್ಟಿ ಹರಿದರೆ ಎಲ್ಲಿ ಹೊಲಿಸಬೇಕು, ಯಾವ ಆಸ್ಪತ್ರೆಯಲ್ಲಿ ಸರ್ಟಿಫಿಕೇಟಿಗೆ ಯಾವ ವಾರ ಕೂರುತ್ತಾರೆ, ದೂರದ ಗಾಡಿಯಲ್ಲಿ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ, ಇದೆಲ್ಲ ಅಮ್ಮನಿಗೆ ಗೊತ್ತಾದದ್ದು ಡೊಂಬಿವಲಿ ಮತ್ತು ದಾದರಿನ ನಡುವೆ. ಎಷ್ಟೋ ವರ್ಷದ ಮೇಲೆ ನಿರಾಮಯ ಅನ್ನುವ ವಿಮೆಯ ಹೆಸರನ್ನೂ ಅಲ್ಲಿಯೇ ಕೇಳಿದ್ದು. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನದು ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದ ತನಕ. ಆಸ್ಪತ್ರೆಗೆ ಸೇರದೆ ಮಾಡಿಸಿಕೊಂಡ ಥೆರಪಿಗೂ ಒಂದು ಮಿತಿಯಲ್ಲಿ ಹಣ ವಾಪಸ್ಸು ಕೊಡುತ್ತಾರೆ, ಬಿಲ್ಲು ಜೋಪಾನವಾಗಿಡಬೇಕು.

ಇದರ ನಡುವೆ ತಮ್ಮನಿಗೆ ಹದಿನೆಂಟು ತುಂಬಿತು.

ಅಲ್ಲಿಗೆ ಬಾಗಿಲುಗಳು ಮುಚ್ಚಿದವು. ವಿಶೇಷ ಶಾಲೆ ಮುಗಿಯಿತು, ಮಕ್ಕಳ ವಿಭಾಗ ಮುಗಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. ಹಿಂದೆ 1995ರದ್ದರಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದದ್ದು ಈಗ 21 ಆಗಿದೆ. ಆದರೆ ಅದರಲ್ಲೂ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರಿಗೆ. ಹತ್ತೊಂಬತ್ತನೆಯ ವರ್ಷ ಏನು ಮಾಡಬೇಕು? ತಮ್ಮ ಹತ್ತು ವರ್ಷ ಕಿಟಕಿಯ ಹತ್ತಿರ ಕೂತ. ಎಲ್ಲರಿಗೂ ಮುಪ್ಪು ಬರುತ್ತದೆ, ಸೆರೆಬ್ರಲ್ ಪಾಲ್ಸಿ ಇರುವವರ ಮೈಗೆ ಅದು ಬೇಗ ಬರುತ್ತದೆ. ಮೂವತ್ತರ ಆಸುಪಾಸಿನಲ್ಲೇ ಸೊಂಟನೋವು, ದಣಿವು, ನಡೆಯುತ್ತಿದ್ದವರಿಗೂ ನಡಿಗೆ ಕಷ್ಟ. ವಾಕರಿನಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದ ತಮ್ಮ ಗಾಲಿಕುರ್ಚಿಗೆ ಬಂದ. ಅಪ್ಪಯ್ಯ ತೀರಿಕೊಂಡರು. ಅಮ್ಮನ ಬೆನ್ನು ಬಾಗಿತು. ನಮ್ಮ ನಂತರ ಯಾರು ಅನ್ನುವ ಪ್ರಶ್ನೆಯನ್ನು ನಮ್ಮಂಥ ಮನೆಗಳಲ್ಲಿ ಬಾಯಿಬಿಟ್ಟು ಕೇಳುವುದಿಲ್ಲ. ಬೆಳಗ್ಗೆ ಎದ್ದ ಕೂಡಲೆ ಅದು ಅಲ್ಲೇ ಕೂತಿರುತ್ತದೆ.

ಆ ದಿನಗಳಲ್ಲಿ ನಾನು ಈ ನಗರದ ಸಂಸ್ಥೆಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಶಿವಡಿಯ ಜೈ ವಕೀಲ್ ಸಂಸ್ಥೆ 1944ರಲ್ಲಿ ಶುರುವಾದದ್ದು ಒಂದು ಪಾರ್ಸಿ ದಂಪತಿ ತಮ್ಮ ಮಗಳಿಗಾಗಿ ಮನೆಯಲ್ಲೇ ತೆರೆದ ಪುಟ್ಟ ಶಾಲೆಯಾಗಿ. ಈಗ ಅಡಾಪ್ಟ್ ಅನ್ನುವ ಹೆಸರಿನಲ್ಲಿರುವ ಸ್ಪ್ಯಾಸ್ಟಿಕ್ಸ್ ಸೊಸೈಟಿಯನ್ನು 1972ರಲ್ಲಿ ಮಿಥು ಅಲೂರ್ ಕಟ್ಟಿದ್ದು, ಅವರ ಮಗಳು ಮಾಲಿನಿಗೂ ನನ್ನ ತಮ್ಮನಿಗಿರುವ ತೊಂದರೆಯೇ. ಬದಲಾಪುರದ ಹತ್ತಿರ ‘ಆಧಾರ್’ ಅನ್ನುವ ವಸತಿ ಕೇಂದ್ರ ಇದೆ, ಬೌದ್ಧಿಕ ಅಸಾಮರ್ಥ್ಯ ಇರುವ ದೊಡ್ಡವರಿಗೆ, ಪಾಲಕರೇ ಸೇರಿ ಮಾಡಿದ್ದು. ಎಲ್ಲವೂ ಒಂದು ಮನೆಯಿಂದ, ಒಂದು ಮಗುವಿನ ಚಿಂತೆಯಿಂದ ಹುಟ್ಟಿದವು. ನೂರು ವರ್ಷದಿಂದ ಈ ಊರಿನಲ್ಲಿ ಹೋಟೆಲು, ಬ್ಯಾಂಕು, ರಾತ್ರಿಶಾಲೆ, ಯಕ್ಷಗಾನ ಮಂಡಳಿ ಕಟ್ಟಿದ ಕನ್ನಡಿಗರು ನಾವು. ಒಂದೊಂದು ಉಪನಗರಕ್ಕೂ ಒಂದು ಸಂಘ, ಒಂದು ಸಭಾಗೃಹ. ಅಷ್ಟರಲ್ಲಿ ನನ್ನ ತಮ್ಮನಿಗೆ ಒಂದು ಕೋಣೆ ಇಲ್ಲವೆ?

ಕೇಳಿದೆ. ಯಾವ ಸಂಘ ಅಂತ ಬರೆಯುವುದಿಲ್ಲ. ಕಾರ್ಯಕಾರಿ ಸಮಿತಿಯವರು ಮರ್ಯಾದೆಯಿಂದಲೇ ಕೂರಿಸಿ ಕಾಫಿ ಕೊಟ್ಟರು. ಸಭೆ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ, ತಮ್ಮನನ್ನು ಕೆಳಗೆ ವಾಚ್‌ಮನ್ನಿನ ಹತ್ತಿರ ಬಿಟ್ಟು ಹೋಗಿದ್ದೆ. ‘ಮುಂದಿನ ವಾರ್ಷಿಕೋತ್ಸವದಲ್ಲಿ ಹತ್ತು ವೀಲ್‌ಚೇರ್ ಹಂಚುವ ಮೇಡಂ’ ಅಂದರು. ಹಂಚಿದರು ಕೂಡ. ಹತ್ತೂ ಒಂದೇ ಅಳತೆಯವು, ದೊಡ್ಡವರಿಗೆ ಮಾಡಿದ್ದು. ಅದರಲ್ಲಿ ಏಳು ವರ್ಷದ ಮಗುವನ್ನು ಕೂರಿಸಿ ಹಾರ ಹಾಕಿ ಫೋಟೋ ತೆಗೆದರು. ಮಗು ಒಂದು ಪಕ್ಕಕ್ಕೆ ವಾಲಿತ್ತು, ಕಾಲು ಗಾಳಿಯಲ್ಲಿ. ಹಾಗೆ ದಿನಾ ಕೂತರೆ ಬೆನ್ನುಮೂಳೆ ಡೊಂಕಾಗುತ್ತದೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಕುರ್ಚಿ ಕೊಡುವ ಮೊದಲು ಟೇಪ್ ಹಿಡಿದು ಮಗುವಿನ ಸೊಂಟ ಅಳೆಯಬೇಕು, ಅಂಗಿ ಹೊಲಿಸಲು ಅಳೆಯುವ ಹಾಗೆ.

ಕೋಣೆ ಸಿಕ್ಕಿದ್ದು ನಮ್ಮ ಶಾಲೆಯಲ್ಲಿಯೇ. ಬರೆಯಲು ನೋವಾಗುತ್ತದೆ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ನಮ್ಮಲ್ಲೂ ಒಂದು ತರಗತಿಯ ಕೋಣೆ ಖಾಲಿ ಬಿತ್ತು. ಬೀಗ ಹಾಕುವ ಬದಲು ಶನಿವಾರ ಮಧ್ಯಾಹ್ನ ನನಗೆ ಕೊಡಿ ಅಂದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು, ಅವರ ಮೊಮ್ಮಗಳಿಗೂ ಆಟಿಸಂ ಅಂತ ನನಗೆ ಆಮೇಲೆ ತಿಳಿಯಿತು, ಯಾರ ಮಾತಿಗೂ ಕಾಯದೆ ಬೀಗದ ಕೈ ಕೊಟ್ಟರು.

ಬಾಗಿಲಿಗೆ ಮೂರು ಮೆಟ್ಟಿಲು. ಮೇಸ್ತ್ರಿ ಅರ್ಧ ದಿನದಲ್ಲಿ ಆರು ಅಡಿಯ ಇಳಿಜಾರು ಕಟ್ಟಿ ಹೋದ. ತಮ್ಮನ ಕುರ್ಚಿಯನ್ನು ಅದರ ಮೇಲೆ ಇಬ್ಬರು ತಳ್ಳಿದರೂ ಹತ್ತಲಿಲ್ಲ, ಇಳಿಯುವಾಗ ಕೈತಪ್ಪಿ ಅವನು ಮುಗ್ಗರಿಸುವುದೊಂದು ಬಾಕಿ. ನಿಯಮ ಇರುವುದು ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಮೆಟ್ಟಿಲುಗಳ ಒಟ್ಟು ಎತ್ತರ ಒಂದೂವರೆ ಅಡಿ, ಅಂದರೆ ಹದಿನೆಂಟು ಅಡಿ ಬೇಕು. ಅಂಗಳದಲ್ಲಿ ಅಷ್ಟು ಜಾಗವಿಲ್ಲ. ಒಡೆಸಿ, ಮಧ್ಯೆ ಕುರ್ಚಿ ತಿರುಗುವಷ್ಟು ಸಪಾಟು ಜಾಗ ಬಿಟ್ಟು, ಗೋಡೆಯ ಮೂಲೆಯಲ್ಲಿ ತಿರುವು ಕೊಟ್ಟು ಮತ್ತೆ ಕಟ್ಟಿಸಿದೆವು. ಈಗ ತಮ್ಮನನ್ನು ಹತ್ತಿಸಲು ಎಂಟನೆಯ ತರಗತಿಯ ಹುಡುಗಿಯೊಬ್ಬಳ ಕೈಬಲ ಸಾಕು. ನಡಿಗೆ ಕಲಿಯಲು ಬೇಕಾದ ಜೋಡಿ ಸರಳುಗಳನ್ನು ಊರಿನ ಕಡೆಯ ಪ್ಲಂಬರ್ ಒಬ್ಬರು ನೀರಿನ ಪೈಪಿನಲ್ಲಿ ಮಾಡಿಕೊಟ್ಟರು, ಎತ್ತರ ಏರಿಸಿ ಇಳಿಸುವ ಹಾಗೆ. ಕೂಲಿ ತೆಗೆದುಕೊಳ್ಳಲಿಲ್ಲ. ‘ಹ್ವಾಯ್, ಇದಕ್ಕೆಂತ ದುಡ್ಡು’ ಅಂದರು.

ಹನ್ನೆರಡು ಹದಿಮೂರು ಮನೆಯವರು ಬರುತ್ತಾರೆ. ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಎರಡು ಗಂಟೆ ಬರುತ್ತಾಳೆ, ಅವಳಿಗೆ ನಾವು ಚಂದಾ ಸೇರಿಸಿ ಕೊಡುತ್ತೇವೆ. ಅವಳು ಮುಖ್ಯವಾಗಿ ಮಾಡುವುದು ತಾಯಂದಿರಿಗೆ ಕಲಿಸುವ ಕೆಲಸ: ಹೇಗೆ ಎತ್ತಬೇಕು, ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು, ಹೇಗೆ ಕೂರಿಸಬೇಕು. ಅಜ್ಜಿಯರು ಬರುತ್ತಾರೆ. ತಂದೆಯರು ಬರುವುದಿಲ್ಲ, ಇಬ್ಬರನ್ನು ಬಿಟ್ಟರೆ. ಇದನ್ನು ಸುಮ್ಮನೆ ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಳೆದ ಗಂಡುಮಕ್ಕಳನ್ನು ಬಚ್ಚಲಿಗೆ ಒಯ್ಯುವುದು ಅರವತ್ತರ ತಾಯಂದಿರು. ಶನಿವಾರ ರಜೆ ಇರುವ ಅಪ್ಪಂದಿರು ಇದನ್ನು ಓದುತ್ತಿದ್ದರೆ, ಬನ್ನಿ. ಎತ್ತುವುದನ್ನು ಅರ್ಧ ಗಂಟೆಯಲ್ಲಿ ಕಲಿಸುತ್ತೇವೆ.

ಯಾದಗಿರಿ ಕಡೆಯ ಒಬ್ಬ ತಾಯಿ ಬರುತ್ತಾಳೆ, ಒಂಬತ್ತು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು. ಗಂಡ ಹೆಂಡತಿ ಇಬ್ಬರೂ ಕಲ್ಯಾಣ್ ಶೀಳ್ ರಸ್ತೆಯ ಕಟ್ಟಡಗಳಲ್ಲಿ ಕೆಲಸ. ಮೊದಲ ದಿನ ಬಾಗಿಲ ಹೊರಗೇ ನಿಂತಿದ್ದಳು. ‘ನಮ್ ಹುಡುಗಿಗ ಮಾತ್ ಬರಂಗಿಲ್ರಿ ಅಕ್ಕಾರ. ಆದ್ರ ಎಲ್ಲಾ ತಿಳೀತದ್ರಿ ಅಕಿಗೆ’ ಅಂದಳು. ಮಗುವಿನ ಕಿವಿಯಲ್ಲಿ ಏನೋ ಹೇಳಿದಳು, ಮಗು ನಕ್ಕಿತು. ಮಗುವಿಗೆ ಯಾವ ಕಾಗದವೂ ಇರಲಿಲ್ಲ. ಅಂಗವಿಕಲರ ಗುರುತಿನ ಚೀಟಿಗೆ ವಿಳಾಸದ ಪುರಾವೆ ಬೇಕು. ಆರು ತಿಂಗಳಿಗೊಮ್ಮೆ ಬದಲಾಗುವ ಕೂಲಿಯವರ ತಗಡಿನ ಶೆಡ್ಡಿಗೆ ಯಾರು ವಿಳಾಸ ಕೊಡುತ್ತಾರೆ? ಇಲ್ಲಿಯ ಸಂಜಯ ಗಾಂಧಿ ನಿರಾಧಾರ ಯೋಜನೆಯ ಮಾಸಾಶನಕ್ಕೆ ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಾಗಿರಬೇಕು. ಊರಿನಲ್ಲಿ ಮಾಡಿಸೋಣ ಅಂದರೆ ಹೋಗಿ ಬರುವ ಒಂದು ವಾರದ ಕೂಲಿ ಹೋಗುತ್ತದೆ. ಕೊನೆಗೆ ಊರಿನ ಆಧಾರ್ ವಿಳಾಸದಲ್ಲೇ ಆನ್‌ಲೈನ್ ಅರ್ಜಿ ಹಾಕಿದೆವು, ಪರೀಕ್ಷೆಗೆ ಜಾತ್ರೆಯ ಸಮಯಕ್ಕೆ ಹೋದರು, ಕಾರ್ಡು ಬಂತು. ಕನ್ನಡದಲ್ಲಿ ಅರ್ಜಿ ಓದಿ ಹೇಳುವವರೊಬ್ಬರು ಸಿಕ್ಕಿದ್ದರಿಂದ ಆಯಿತು ಅಂತ ಅವಳು ಅನ್ನುತ್ತಾಳೆ. ಹೊರಗೆ ರಸ್ತೆಯಲ್ಲಿ ಹೀಗೆ ಬೆನ್ನಿಗೆ ಮಕ್ಕಳನ್ನು ಕಟ್ಟಿಕೊಂಡ ಇನ್ನೆಷ್ಟು ಜನ ಕನ್ನಡದ ತಾಯಂದಿರು ಓಡಾಡುತ್ತಿದ್ದಾರೋ ಅಂತ ನನಗೆ ರಾತ್ರಿ ನಿದ್ದೆ ಬಾರದ್ದಿದೆ.

ಮಾತು ಬಾರದವರಿಗೆಂದು ಚಿತ್ರ ಒತ್ತಿದರೆ ಮಾತಾಡುವ ಆ್ಯಪ್‌ಗಳು ಬಂದಿವೆ. ಐಐಟಿ ಬಾಂಬೆಯವರು ಮಾಡಿದ ‘ಜೆಲ್ಲೋ’ ಉಚಿತ. ಫೋನಿಲ್ಲದವರಿಗೆ ನಾವು ಚೀಟಿಗಳನ್ನು ಮಾಡುತ್ತೇವೆ. ಹಳೇ ಮದುವೆ ಕಾಗದದ ದಪ್ಪ ರಟ್ಟು, ಒಂದು ಚಿತ್ರ, ಕೆಳಗೆ ಕನ್ನಡದಲ್ಲಿ ಶಬ್ದ, ಮೂಲೆಯಲ್ಲಿ ತೂತು, ಎಲ್ಲ ಸೇರಿಸಿ ಕೀಲಿಕೈಯ ಬಳೆಗೆ ಪೋಣಿಸುವುದು. ಚಿತ್ರ ಯಾವುದಿರಬೇಕು ಅಂತ ಮನೆಯವರೇ ಹೇಳಬೇಕು. ಯಾದಗಿರಿಯ ಮಗುವಿನ ಬಳೆಯಲ್ಲಿ ಜೋಳದ ರೊಟ್ಟಿ ಇದೆ, ತಮ್ಮನದರಲ್ಲಿ ಗಂಜಿ. ತಮ್ಮನಿಗೆ ಈ ಕೋಣೆಯಲ್ಲಿ ಒಂದು ಕೆಲಸ ಇದೆ, ಚೀಟಿಗಳ ಡಬ್ಬಿ ಅವನ ತೊಡೆಯ ಮೇಲೆ ಇರುತ್ತದೆ. ಬಂದವರಿಗೆ ಬೇಕಾದ್ದನ್ನು ಹುಡುಕಿ ಕೊಡುವುದು. ಒಂದು ಚೀಟಿ ತೆಗೆಯಲು ಅವನಿಗೆ ಎರಡು ನಿಮಿಷ ಹಿಡಿಯುತ್ತದೆ. ಎಲ್ಲರೂ ಕಾಯುತ್ತಾರೆ.

ಮಳೆಗಾಲ ಶುರುವಾದ ಮೇಲಿನ ಒಂದು ಶನಿವಾರ. ಫಿಸಿಯೋ ಹುಡುಗಿ ಯಾದಗಿರಿಯ ಮಗುವನ್ನು ಚಾಪೆಯ ಮೇಲೆ ಮಲಗಿಸಿ ತೊಡೆಯ ಹಿಂದಿನ ಸ್ನಾಯು ಎಳೆಯುತ್ತಿದ್ದಳು. ನಾನು ಕಿಟಕಿ ಮುಚ್ಚುತ್ತಿದ್ದೆ. ಮಗುವಿನ ತಾಯಿ ಹೊರಗೆ ನೀರು ತರಲು ಹೋಗಿದ್ದಳು. ಹಿಂದಿನಿಂದ ದೊಡ್ಡ ಧ್ವನಿ ಬಂತು:

‘ಆಕ್!’

ತಮ್ಮ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಾನೆ, ಚೀಟಿಗಳ ಡಬ್ಬಿ ನೆಲಕ್ಕೆ ಬಿದ್ದಿದೆ. ಫಿಸಿಯೋ ಹುಡುಗಿಗೆ ಏನೂ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದಳು. ಮಗುವಿನ ಮುಖ ನೋಡಿದರೆ ತುಟಿ ಕಚ್ಚಿಕೊಂಡಿತ್ತು, ಸದ್ದಿಲ್ಲದೆ ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಬೆಂಚಿನ ಮೇಲೆ ಕೂತಿದ್ದ ಅಮ್ಮ ಹೇಳಿದಳು, ‘ಸಾಕ್ ಅಂತ ಹೇಳುದ್ ಅವ. ಬಿಡ್ ಮಗಾ ಅದ್ರ ಕಾಲ್.’

ಹುಡುಗಿ ಕೈ ತೆಗೆದಳು. ಕ್ಷಮಿಸು ಅಂತ ಮಗುವಿಗೆ ಹಿಂದಿಯಲ್ಲಿ ಹೇಳಿದಳು.

ಅವತ್ತೇ ಸಂಜೆ ಹೊಸ ಚೀಟಿ ಮಾಡಿದೆವು. ಅಂಗೈ ಅಡ್ಡ ಹಿಡಿದ ಚಿತ್ರ, ಕೆಳಗೆ ‘ಸಾಕು’. ಬಳೆಯಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಪೋಣಿಸಬೇಕು ಅಂತ ತಮ್ಮ ಬೆರಳು ತೋರಿಸಿ ತೋರಿಸಿ ಹೇಳಿದ. ಮರುವಾರ ಆ ತಾಯಿ ಡಬ್ಬಿ ಬಿಚ್ಚಿ ಮಗಳಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಳು. ಐದಾರು ತುತ್ತಾದ ಮೇಲೆ ಮಗು ತನ್ನ ಬಿಗಿದ ಮುಷ್ಟಿಯನ್ನು ಎಳೆದುಕೊಂಡು ತಂದು ಚೀಟಿಯ ಮೇಲಿಟ್ಟಿತು. ಜಾರಿತು, ಮತ್ತೆ ಇಟ್ಟಿತು. ತಾಯಿ ಇನ್ನೊಂದು ತುತ್ತು ಹಿಡಿದ ಕೈಯನ್ನು ಅಲ್ಲಿಯೇ ನಿಲ್ಲಿಸಿ ಮಗಳ ಮುಖ ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು, ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು.